ಕೊಂಡದ್ದೋ, ಬಾಡಿಗೆಯದೋ?

ಯುವ ಮಿತ್ರರೇ, ಮೊದಲ ಸಂಬಳ ಕೂಡಿಟ್ಟು ಮ್ಯಾಕ್ ಕೊಂಡಿರಾ? ಸಂತೋಷ! ಆದರೆ ಖರ್ಚು ಅಲ್ಲಿಗೇ ಮುಗಿಯುವುದಿಲ್ಲ.

ಒಮ್ಮೆ ಹಣ ಕೊಟ್ಟರೆ ತಂತ್ರಾಂಶ ನಮ್ಮ ಬಳಿಯೇ ಉಳಿಯುತ್ತಿದ್ದ ಕಾಲವಿತ್ತು. 2013ರಲ್ಲಿ ಅಡೋಬಿ ಸಂಸ್ಥೆ, ಫೋಟೋಶಾಪ್‌ನ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿತು. 2017ರಲ್ಲಿ ಬರಹಗಾರರು ಮೆಚ್ಚಿದ ಯೂಲಿಸಿಸ್ ಕೂಡ ಅದೇ ದಾರಿ ಹಿಡಿಯಿತು. ತಯಾರಕರ ವಾದದಲ್ಲೂ ಹುರುಳಿದೆ. ಆಪಲ್ ವರ್ಷಕ್ಕೊಂದು ಹೊಸ ಮ್ಯಾಕ್ಓಎಸ್ ತರುತ್ತದೆ. ಪ್ರತಿ ಸಲವೂ ತಂತ್ರಾಂಶವನ್ನು ಅದಕ್ಕೆ ಹೊಂದಿಸಬೇಕು. ಒಮ್ಮೆ ಬಂದ ಹಣ ಎಷ್ಟು ದಿನ ಬಂದೀತು? ಆದರೆ ಹನಿ ಹನಿ ಕೂಡಿದರೆ ಹಳ್ಳ. ನಾಲ್ಕಾರು ಚಂದಾ ಸೇರಿದರೆ ನಿಮ್ಮ ಜೇಬು ಖಾಲಿ.

ಆದ್ದರಿಂದ ಯಂತ್ರದ ಜೊತೆ ಬಂದದ್ದನ್ನು ಮೊದಲು ಬಳಸಿ. ಪ್ರಿವ್ಯೂನಲ್ಲಿ ಪಿಡಿಎಫ್‌ಗಳನ್ನು ಜೋಡಿಸಬಹುದು, ಸಹಿಯನ್ನೂ ಹಾಕಬಹುದು. ಕನ್ನಡ ಕೀಲಿಮಣೆಯೂ ಅದರಲ್ಲೇ ಇದೆ. ಊರಿನ ಅಜ್ಜಿಗೆ ಕಾಗದ ಬರೆಯಲು ಬೇರೇನೂ ಕೊಳ್ಳಬೇಕಿಲ್ಲ. ಲಿಬ್ರೆಆಫೀಸ್ ಉಚಿತ. ಕೆಲಸಗಳ ಪಟ್ಟಿ ಇಡುವ ಥಿಂಗ್ಸ್ 3ಕ್ಕೆ ಒಂದೇ ಸಲ ಹಣ.

ಚಂದಾ ಕಟ್ಟುವ ಮುನ್ನ ಕೇಳಿಕೊಳ್ಳಿ: ನಾಳೆ ನಿಲ್ಲಿಸಿದರೆ ನನ್ನ ಬರಹ ನನ್ನ ಕೈಗೆ ಸಿಗುತ್ತದೆಯೇ? ಪಿಡಿಎಫ್, ಸಾದಾ ಟೆಕ್ಸ್ಟ್ ರೂಪದಲ್ಲಿ ಹೊರತೆಗೆಯಲು ಬಂದರೆ ಧೈರ್ಯವಾಗಿ ಕಟ್ಟಿ. ಮನೆ ಬಾಡಿಗೆಯದಾದರೂ ಸಾಮಾನು ನಮ್ಮದಾಗಿರಬೇಕು. ಮುಂಬಯಿ, ಪುಣೆಗಳಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?