ನಿಮಗಿದು ಗೊತ್ತೇ? ಗಾಳಿ ತೊಳೆಯುವ ಕಾಣದ ಬೆಳಕು

● ಹುಬ್ಬಳ್ಳಿ ಹತ್ತಿರದ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುವವರಿಗೆ ಅತಿನೇರಳೆ ಕಿರಣದ ಪರಿಚಯ ಯಾರೂ ಮಾಡಿಕೊಡಬೇಕಿಲ್ಲ. ಕರಿಗಾಜು ಹಿಡಿಯದೆ ಆರ್ಕ್ ನೋಡಿದರೆ ಆಗ ಏನೂ ಅನಿಸುವುದಿಲ್ಲ. ಕೆಲವು ತಾಸು ಕಳೆದ ಮೇಲೆ ಕಣ್ಣಲ್ಲಿ ಉಸುಕು ಬಿದ್ದಂತೆ ಉರಿ ಶುರುವಾಗುತ್ತದೆ. ಆ ಆರ್ಕಿನಿಂದ ಹೊಮ್ಮುವ ಕಿರಣಗಳಲ್ಲಿ ಯುವಿ-ಸಿ ಎಂಬ ಅತಿನೇರಳೆ ಬಗೆಯೂ ಒಂದು. ಅದನ್ನೇ ದೀಪವಾಗಿ ಎಸಿಯ ಗಾಳಿಕೊಳವೆಯೊಳಗೆ ಕೂರಿಸಿ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಹಾಗಾಗಿ ಈ ದೀಪ ಮನೆಯವರ ಕಣ್ಣಿಗೆ ಎಂದೂ ಬೀಳಬಾರದು. ಮುಚ್ಚಳ ತೆಗೆದ ಕೂಡಲೇ ತಾನಾಗಿ ಆರುವ ಸ್ವಿಚ್ ಇಲ್ಲದ ದೀಪವನ್ನು ದಯವಿಟ್ಟು ಕೊಳ್ಳಬೇಡಿ.

● ಬಿಸಿಲಿನಲ್ಲಿ ಯುವಿ-ಸಿ ಇರುವುದೇ ಇಲ್ಲ! ಸೂರ್ಯನಿಂದ ಹೊರಟದ್ದನ್ನು ಮೇಲಿನ ಓಜೋನ್ ಪದರವೇ ಪೂರ್ತಿ ತಡೆಯುತ್ತದೆ. ಮಾಳಿಗೆ ಮೇಲೆ ಒಣಹಾಕಿದ ಕೌದಿ ಶುದ್ಧವಾಗುವುದು ಅತಿನೇರಳೆಯ ಇನ್ನೊಂದು ಬಗೆಯಾದ ಯುವಿ-ಬಿ, ಶಾಖ ಮತ್ತು ತೇವ ಆರುವುದರಿಂದ.

● ಯುವಿ-ಸಿ ಎಂದರೆ 100ರಿಂದ 280 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಪಾದರಸದ ದೀಪ ಮುಖ್ಯವಾಗಿ 254ರಲ್ಲಿ ಬೆಳಗುತ್ತದೆ. ರೋಗಾಣುವಿನ ಡಿಎನ್‌ಎ, ಆರ್‌ಎನ್‌ಎ ಅತಿ ಹೆಚ್ಚು ಹೀರುವ ಬೆಳಕಿಗೆ ಇದು ತೀರ ಸಮೀಪ. ಅದನ್ನು ಹೀರಿದ ರೋಗಾಣುವಿಗೆ ತನ್ನಂಥ ಇನ್ನೊಂದನ್ನು ಹುಟ್ಟಿಸುವ ಶಕ್ತಿ ಉಳಿಯುವುದಿಲ್ಲ. ಯುವಿ ಇರುವ ನೀರಿನ ಫಿಲ್ಟರ್ ಅನೇಕರ ಅಡುಗೆಮನೆಯಲ್ಲಿದೆಯಲ್ಲ, ಅದರ ಕೆಲಸವೂ ಇದೇ.

● ಕೊಳವೆಯೊಳಗಿನ ದೀಪಕ್ಕೆ ಬಲವಾದ ಸಾಕ್ಷಿ ಹೇಳಿದವು ಗಿನಿಯಿಲಿಗಳು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ಹಾಯಿಸಿ, ಅಲ್ಲಿ ಸಾಕಿದ ಗಿನಿಯಿಲಿಗಳಿಗೆ ಉಸಿರಾಡಲು ಬಿಟ್ಟರು. ಬರಿ ಗಾಳಿ ಸೇವಿಸಿದ ಗುಂಪಿಗೆ ಕ್ಷಯ ಅಂಟಿತು. ಅತಿನೇರಳೆ ದೀಪ ದಾಟಿ ಬಂದ ಗಾಳಿ ಸೇವಿಸಿದ ಗುಂಪಿಗೆ ಅಂಟಲಿಲ್ಲ. ಕ್ಷಯ ಗಾಳಿಯಿಂದ ಹರಡುತ್ತದೆ ಎಂಬುದನ್ನೂ ದೀಪ ಅದನ್ನು ತಡೆಯಬಲ್ಲದು ಎಂಬುದನ್ನೂ ಒಂದೇ ಪ್ರಯೋಗ ತೋರಿಸಿಕೊಟ್ಟಿತು. ಇಷ್ಟು ಅಚ್ಚುಕಟ್ಟಾದ ಪ್ರಯೋಗಗಳು ವೈದ್ಯವಿಜ್ಞಾನದಲ್ಲಿ ವಿರಳ.

● ನಮ್ಮ ಸಂಸತ್ತಿನ ಹಳೆಯ ಕಟ್ಟಡಕ್ಕೂ ಈ ದೀಪ ಬಂದಿತ್ತು. ಚಂಡೀಗಡದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್-ಸಿಎಸ್‌ಐಒ ರೂಪಿಸಿದ ಕೊಳವೆ ದೀಪಗಳನ್ನು 2021ರ ಮುಂಗಾರು ಅಧಿವೇಶನದ ವೇಳೆಗೆ ಸೆಂಟ್ರಲ್ ಹಾಲ್ ಮತ್ತು ಲೋಕಸಭೆಯ ಸಭಾಂಗಣದಲ್ಲಿ ಅಳವಡಿಸಲಾಯಿತು.

● ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ ಎರಡೂವರೆ ಮೀಟರ್ ಓಡಿದರೆ, ಒಂದು ಮೀಟರ್ ಉದ್ದದ ಬೆಳಕನ್ನು ದಾಟಲು ಅದಕ್ಕೆ 0.4 ಸೆಕೆಂಡ್ ಸಾಕು. ಅಷ್ಟರೊಳಗೆ ಕೆಲಸ ಮುಗಿಯಬೇಕಾದರೆ ದೀಪಕ್ಕೆ ಬಲ ಬೇಕು; ಪುಟ್ಟ ದೀಪಕ್ಕೆ ಅದು ಮೀರಿದ ಮಾತು. ಆದರೆ ಎಸಿಯ ತೇವದ ಕಾಯಿಲ್ ಮೇಲೆ ಕಟ್ಟುವ ಬೂಷ್ಟು ಎಲ್ಲಿಗೂ ಓಡುವುದಿಲ್ಲ. ಹಗಲು ರಾತ್ರಿ ಬೆಳಕು ಬಿದ್ದರೆ ಅದು ಸೋಲಲೇಬೇಕು. ಮನೆಗಳಿಗೆ ಈ ದೀಪದ ನಿಜವಾದ ಪ್ರಯೋಜನ ಇರುವುದು ಅಲ್ಲೇ ಎಂಬುದು ನನ್ನ ಅಭಿಪ್ರಾಯ.

● ಗೋಡೆಗೆ ಹಾಕಿಸುವ ಮಾಮೂಲಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಅದಕ್ಕೆ ಕೊಳವೆಯೂ ಇಲ್ಲ. ಹಾಗಾಗಿ ತಾರಿಹಾಳದಂಥ ಊರಿನ ಬಹುಪಾಲು ಮನೆಗಳಲ್ಲಿ ಎದುರುಬದುರು ಎರಡು ಕಿಟಕಿ ತೆಗೆದು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಚ್ಚುವುದು ಮೊದಲ ಕೆಲಸ. ದೀಪದ ಖರ್ಚು ಆಮೇಲೆ.

● ಈ ಬೆಳಕು ಧೂಳನ್ನು ಮುಟ್ಟುವುದಿಲ್ಲ. ಲಾರಿ ಎಬ್ಬಿಸಿದ ಮಣ್ಣು, ವೆಲ್ಡಿಂಗ್ ಹೊಗೆ, ಒಗ್ಗರಣೆಯ ಘಾಟು ಎಲ್ಲವೂ ದೀಪದ ಮುಂದೆಯೇ ಹಾದು ಒಳಗೆ ಬರುತ್ತವೆ. ಅಷ್ಟೇ ಅಲ್ಲ, ದೀಪದ ಮೇಲೆ ಕೂತ ಧೂಳು ಕಿರಣವನ್ನೇ ತಡೆಯುತ್ತದೆ. ಆದ್ದರಿಂದ ಒಳ್ಳೆಯ ಫಿಲ್ಟರ್ ಮುಂದೆ, ದೀಪ ಹಿಂದೆ.

● ಯುವಿ-ಸಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಜೊತೆಗೆ ಬರುವ ನೀಲಿ ಬೆಳಕು ಮಾತ್ರ. ಸುಮಾರು 9000 ತಾಸಿನ ನಂತರ, ಅಂದರೆ ಬಿಡದೆ ಉರಿದರೆ ವರ್ಷದ ಆಚೀಚೆ, ದೀಪ ಬದಲಿಸಬೇಕಾಗುತ್ತದೆ. ಹಳೆಯದಾದ ದೀಪ ನೀಲಿಯಾಗಿ ಹೊಳೆಯುತ್ತಲೇ ಇದ್ದರೂ ರೋಗಾಣು ಕೊಲ್ಲುವ ಬಲ ಕುಗ್ಗಿರುತ್ತದೆ. ಹಾಕಿದ ತಾರೀಖನ್ನು ಮುಚ್ಚಳದ ಮೇಲೆ ಬರೆದಿಡಿ. 36 ವಾಟಿನ ದೀಪ ವರ್ಷವಿಡೀ ಉರಿದರೆ ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಸುಮಾರು 315 ಯುನಿಟ್.

● ಕೆಲವು ದೀಪಗಳು 185 ನ್ಯಾನೋಮೀಟರ್ ಕಿರಣವನ್ನೂ ಬಿಡುತ್ತವೆ. ಅದು ಗಾಳಿಯ ಆಮ್ಲಜನಕವನ್ನು ಓಜೋನ್ ಮಾಡುತ್ತದೆ. ಆಕಾಶದಲ್ಲಿ ನಮ್ಮನ್ನು ಕಾಯುವ ಓಜೋನ್ ಮನೆಯೊಳಗೆ ಶ್ವಾಸಕೋಶವನ್ನು ಕೆರಳಿಸುತ್ತದೆ. ಉಬ್ಬಸ ಇರುವವರ ಮನೆಗಂತೂ ಇದು ಬೇಡವೇ ಬೇಡ. ಓಜೋನ್ ಬಿಡದ ದೀಪವೇ ಎಂದು ಕೇಳಿ ಖಚಿತಪಡಿಸಿಕೊಂಡು ತನ್ನಿ.

● ದೀಪದ ಎದುರಿನ ಪ್ಲಾಸ್ಟಿಕ್ ಮತ್ತು ವೈರಿನ ಹೊದಿಕೆ ಕಾಲಕ್ರಮೇಣ ಪುಡಿಯಾಗುತ್ತವೆ. ಅಲ್ಯೂಮಿನಿಯಂ ತಗಡು ಮಾತ್ರ ಕಿರಣವನ್ನು ಚೆನ್ನಾಗಿ ಪ್ರತಿಫಲಿಸುತ್ತದೆ.

● ದೀಪ ಒಡೆದರೆ ಕಸಬರಿಗೆ ಹಿಡಿಯಬೇಡಿ, ಒಳಗೆ ಪಾದರಸವಿದೆ. ಫ್ಯಾನ್, ಎಸಿ ಆರಿಸಿ, ಕಿಟಕಿ ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ. ಸ್ವಲ್ಪ ಹೊತ್ತು ಬಿಟ್ಟು ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ ಡಬ್ಬಿಯಲ್ಲಿ ಮುಚ್ಚಿಡಿ.