ಗೆಳೆಯ ಹೋದ ಮೇಲೆ ಅವನ ಖಾತೆ

ಗೆಳೆಯ ತೀರಿಹೋಗಿ ಎರಡು ತಿಂಗಳಾಗಿತ್ತು. ಬೈಲಕುಪ್ಪೆಯಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಫೋನ್ ತೆಗೆದರೆ, ‘ಇಂದು ಅವನ ಹುಟ್ಟುಹಬ್ಬ, ಶುಭ ಕೋರಿ’ ಎಂದಿತ್ತು. ಅಂದು ಸಂಜೆ ಅವನ ತಾಯಿ ಕರೆಸಿದರು. “ಬೇಟಾ, ಅವನ ಪಾಸ್‌ವರ್ಡ್ ನಿನಗೆ ಗೊತ್ತಲ್ಲ, ಫೋಟೊ ತೆಗೆದುಕೊಡು” ಎಂದರು.

ಗೊತ್ತಿತ್ತು. ಆದರೆ ಅವನು ನಂಬಿ ಹೇಳಿದ ಪಾಸ್‌ವರ್ಡ್ ಅಮಾನತ್. ತಾಯಿಯ ಎದುರೇ ಗ್ಯಾಲರಿ ಮಾತ್ರ ತೆರೆದು ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಚಾಟ್ ಮುಟ್ಟಲಿಲ್ಲ.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಮರಣ ಪ್ರಮಾಣಪತ್ರದಂತಹ ಪುರಾವೆ ಕಳಿಸಿದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನವರು ಅದನ್ನು ಸ್ಮರಣೆಯ ಖಾತೆಯಾಗಿ ಬದಲಿಸುತ್ತಾರೆ. ಬಳಿಕ ಯಾರೂ ಲಾಗಿನ್ ಆಗಲಾರರು. ಫೇಸ್‌ಬುಕ್‌ನಲ್ಲಿ ಹುಟ್ಟುಹಬ್ಬದ ಸೂಚನೆಯೂ ನಿಲ್ಲುತ್ತದೆ. ಇದನ್ನು ಗೆಳೆಯರೂ ಕೋರಬಹುದು. ಖಾತೆ ಅಳಿಸಬೇಕಾದರೆ ಮನೆಯವರೇ ಕೇಳುವುದು ಸರಿ. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಅಳಿಸಿಹೋಗುತ್ತದೆ. ಒಟಿಪಿ ಬರುವುದು ಆ ಸಿಮ್‌ಗೇ. ಹಾಗಾಗಿ ಕೆಲಸ ಮುಗಿಯುವವರೆಗೆ ರೀಚಾರ್ಜ್ ನಿಲ್ಲಿಸಬೇಡಿ. ನಿಂತ ನಂಬರ್ ಮುಂದೆ ಬೇರೆಯವರ ಪಾಲಾಗುತ್ತದೆ.

ನಮ್ಮ ಖಾತೆಗಳ ವಿಚಾರವನ್ನು ನಾವೇ ಮೊದಲು ತೀರ್ಮಾನಿಸಿಡಬಹುದು. ಗೂಗಲ್‌ನಲ್ಲಿ 2013ರಿಂದ ಈ ಸೌಲಭ್ಯವಿದೆ. ನಾವು ಗೊತ್ತುಮಾಡಿದ 3ರಿಂದ 18 ತಿಂಗಳ ಅವಧಿಯಲ್ಲಿ ಖಾತೆ ಬಳಸದಿದ್ದರೆ, ನಾವು ಹೆಸರಿಸಿದವರಿಗೆ ನಾವು ಆರಿಸಿದ ಮಾಹಿತಿ ಮಾತ್ರ ಸಿಗುತ್ತದೆ. 10 ಜನರವರೆಗೆ ಹೆಸರಿಸಬಹುದು. ಫೇಸ್‌ಬುಕ್‌ನಲ್ಲಿ 18 ತುಂಬಿದವರು ಸ್ಮರಣೆಯ ಖಾತೆ ನೋಡಿಕೊಳ್ಳಲು ಒಬ್ಬರನ್ನು ಹೆಸರಿಸಬಹುದು. ಅವರೂ ಮೆಸೇಜ್ ಓದಲಾರರು.

ಗೂಗಲ್‌ನಲ್ಲಿ ನನ್ನದನ್ನು ಮಾಡಿಟ್ಟಿದ್ದೇನೆ. ಫೋಟೊ ಅಮ್ಮಿಗೆ, ಮೇಲ್ ಯಾರಿಗೂ ಬೇಡ.