ಕಾಲು ಹಿಡಿದ ಮರುದಿನದ ಓಟ

ತೊಣ್ಣೂರು ಕೆರೆ ಏರಿಯ ಮೇಲೆ ಅರ್ಧ ಗಂಟೆ ನಿಧಾನವಾಗಿ ಓಡಿದವರಿಗೆ ಮಾರನೆಯ ದಿನ ಅಂಥ ನೋವೇನೂ ಇರುವುದಿಲ್ಲ. ಅದೇ ಕಾಲು ಮೇಲುಕೋಟೆಯ ಯೋಗನರಸಿಂಹನ ಮೆಟ್ಟಿಲನ್ನು ಒಮ್ಮೆ ಓಡಿ ಇಳಿಯಲಿ, ಎರಡು ದಿನ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಏದುಸಿರು ಬಂದದ್ದು ಹತ್ತುವಾಗ, ನೋವು ಹುಟ್ಟಿದ್ದು ಇಳಿಯುವಾಗ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆದು ನಿಲ್ಲಿಸಬೇಕು. ಅದು ಬಿಗಿದುಕೊಂಡಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಈ ಎಳೆತಕ್ಕೆ ಸ್ನಾಯುವಿನ ಒಳಗಿನ ಅತಿಸಣ್ಣ ಎಳೆಗಳು ಅಲ್ಲಲ್ಲಿ ಕಿತ್ತು ಬರುತ್ತವೆ. ರಿಪೇರಿಗೆ ದೇಹ ಕಳಿಸುವ ಕಣಗಳೂ ರಾಸಾಯನಿಕಗಳೂ ಸುತ್ತಲಿನ ನರತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಹಾಗಾಗಿ ನೋವು ಕೂಡಲೇ ಬಾರದೆ 24ರಿಂದ 72 ಗಂಟೆಗಳ ನಡುವೆ ತಾರಕಕ್ಕೇರುತ್ತದೆ. ಹೀಗೆ ತಡವಾಗಿ ಬರುವ ನೋವಿನ ಮೂಲ ಸ್ನಾಯುವಿನ ಒಳಗಾಗುವ ಸೀಳು ಎಂದು ಶರೀರಕ್ರಿಯಾ ವಿಜ್ಞಾನಿ ಥಿಯೊಡೋರ್ ಹಾಫ್ 1902ರಲ್ಲೇ ಬರೆದಿದ್ದರು. ಆದರೂ ‘ಲ್ಯಾಕ್ಟಿಕ್ ಆ್ಯಸಿಡ್ ಕೂತಿದೆ’ ಎಂಬ ಮಾತು ಇನ್ನೂ ಮೈದಾನಗಳಲ್ಲಿ ಓಡಾಡುತ್ತಿದೆ. 1983ರ ಒಂದು ಪ್ರಯೋಗದಲ್ಲಿ ಸಮತಟ್ಟಿನಲ್ಲಿ ಓಡಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಅದು ಏರಲಿಲ್ಲ, ನೋವು ಬಂತು.

ತೊಣ್ಣೂರು, ಮೇಲುಕೋಟೆ ಸೀಮೆಯ ಗದ್ದೆಗಳಿಗೆ ಈ ನೋವಿನ ಮುಂದಿನ ಪಾಠ ಮೊದಲೇ ಗೊತ್ತು. ನಾಟಿಯ ಮೊದಲೆರಡು ದಿನ ಬಗ್ಗಿದ ಹೆಂಗಸರ ಸೊಂಟ, ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತವೆ. ವಾರ ಕಳೆಯುವಷ್ಟರಲ್ಲಿ ಮೈ ಪಳಗಿರುತ್ತದೆ. ಕಬ್ಬು ಕಡಿಯುವವರ ತೋಳೂ ಹಾಗೆಯೇ. ಒಮ್ಮೆ ಪೆಟ್ಟು ತಿಂದ ಸ್ನಾಯು ಅದೇ ಕೆಲಸಕ್ಕೆ ಎರಡನೇ ಸಲ ಅಷ್ಟು ನೋಯುವುದಿಲ್ಲ, ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ ಎಂದು ಪ್ರಯೋಗಾಲಯಗಳೂ ಕಂಡುಕೊಂಡಿವೆ.

ಮನಸ್ಸು ಪಳಗುವುದು ಬೇರೆ ದಾರಿಯಲ್ಲಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ವಾರ ಸೈಕಲ್ ತುಳಿದವರಿಗೆ ನೋವು ಮೊದಲಿನ ಮಟ್ಟದಲ್ಲೇ ಶುರುವಾಗುತ್ತಿತ್ತು, ಆದರೆ ಅದನ್ನು ಹೆಚ್ಚು ಹೊತ್ತು ತಾಳಿಕೊಳ್ಳುತ್ತಿದ್ದರು. ಗಟ್ಟಿತನವೆಂದರೆ ಇದೇ ಎಂದು ನನಗನ್ನಿಸುತ್ತದೆ. ನೋವು ಕಂಡಾಕ್ಷಣ ಮನಸ್ಸು ಗಾಬರಿಯಾಗುವುದಿಲ್ಲ, ಅಷ್ಟೆ. ಇದಕ್ಕೆ ಗಾಯದ ಮೇಲೆ ಗಾಯ ಮಾಡಿಕೊಳ್ಳಬೇಕಿಲ್ಲ, ಬಿಡದೆ ಮಾಡಿದ ಹದವಾದ ಅಭ್ಯಾಸ ಸಾಕು.

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ 1600 ಮೀಟರ್ ಓಟಕ್ಕೆ ಬೆಳಗಿನ ಜಾವ ಅಭ್ಯಾಸ ಮಾಡುವ ಹಳ್ಳಿ ಹುಡುಗರು ಇದನ್ನು ತಿಳಿದಿರಬೇಕೆಂಬುದು ನನ್ನ ಆಸೆ. ಕಾಲು ಹಿಡಿದಿರುವಾಗ ಓಡತೊಡಗಿದರೆ ಹತ್ತು ನಿಮಿಷದಲ್ಲಿ ನೋವು ಇಳಿದಂತೆ ಕಾಣುತ್ತದೆ. ಮೈ ಆರಿದ ಮೇಲೆ ಅದು ಮರಳಿ ಬರುತ್ತದೆ, ಏಕೆಂದರೆ ಒಳಗಿನ ರಿಪೇರಿ ಇನ್ನೂ ಮುಗಿದಿಲ್ಲ. ಸ್ನಾಯುವಿನ ಬಲ ಕುಂದಿರುತ್ತದೆ, ಹೆಜ್ಜೆಯ ಅಂದಾಜೂ ತಪ್ಪುತ್ತದೆ. ಅಂಥ ದಿನ ಸಮತಟ್ಟಾದ ಕೆರೆ ಏರಿಯೇ ಸರಿ. ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನವಿರಲಿ. ಕುಂತಿಬೆಟ್ಟದ ಇಳಿಜಾರು, ಸ್ಟಾಪ್‌ವಾಚ್ ಹಿಡಿದ ಓಟ ಎರಡು ಮೂರು ದಿನ ಬೇಡ.

ಎರಡೂ ತೊಡೆ ಒಂದೇ ಸಮ ಮಂದವಾಗಿ ನೋಯುತ್ತಿದ್ದರೆ ಹೆದರಬೇಕಿಲ್ಲ. ಒಂದೇ ಕಡೆ ಚುಚ್ಚುವ ನೋವು, ಕೀಲಿನ ಊತ, ಕುಂಟು ನಡಿಗೆ ಕಂಡರೆ ಓಟ ನಿಲ್ಲಿಸಬೇಕು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಪ್ರೊಟೀನು ರಕ್ತ ಸೇರಿರಬಹುದು. ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಆಗ ನೀರು ಕುಡಿದು ಮಲಗದೆ ಅಂದೇ ಆಸ್ಪತ್ರೆಗೆ ಹೋಗಬೇಕು.